ಶಸ್ತ್ರವೈದ್ಯರಾದ ಇವಾರ್ಟ್ಸ್ ಗ್ರಹಾಮರ ಚರಿತ್ರೆ

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಹೊಲಿಗೆಯ ಕೆಲಸದಿಂದ ಜೀವನ ಸಾಗಿಸುವ ನಮ್ಮ ಪರಿಚಿತರೊಬ್ಬರು ಬಹುದಿನದ ಜ್ವರದಿಂದಲೂ ಪಕ್ಕೆಯ ನೋವಿನಿಂದಲೂ ಕೃಶರಾಗಿ ದವಾಖಾನೆಯಲ್ಲಿ ಮಲಗಿದ್ದಾಗ ಅವರನ್ನು ನೋಡಿಬರುವದಕ್ಕೆ ಹೋಗಿದ್ದೆವು. ಅವರ ಎರಡು ಪಕ್ಕೆಲುಬುಗಳ ನಡುವಿನಿಂದ ಒಂದು ಕೊಳವೆಯು ಹೊರಟು, ಮಂಚದ ಕೆಳಗೆ ಇಟ್ಟಿದ್ದ ಒಂದು ಸೀಸೆಯ ನೀರಿನೊಳಗೆ ಮುಳುಗಿತ್ತು. ಅವರು ಉಸಿರು ಬಿಟ್ಟಾಗಲೆಲ್ಲಾ ಕೊಳವೆಯಲ್ಲಿನ ನೀರು ಇಳಿಯುವದು, ಎಳೆದಾಗ ಏರುವದು. ಕೆಮ್ಮಿದರೆ ಗುಳ್ಳೆಗಳು ಏಳುವವು. ಹತ್ತು ವರುಷಗಳ ಹಿಂದೆ ಅವರಿಗೆ ಕ್ಷಯರೋಗವಾಗಿ ಔಷಧದಿಂದ ವಾಸಿಯಾಗಿತ್ತು. ಆದರೆ ರೋಗವು ಪುಪ್ಪುಸದಲ್ಲಿ ಮಾಡಿಹೋದ ಗುಳಿಯು ಹಾಗೆಯೇ ಉಳಿದಿತ್ತು. ಹಾಳುಬಿದ್ದ ಮನೆಯಲ್ಲಿ ಬೂಷ್ಟು ಹಿಡಿಯುವಂತೆ ಆ ಗುಳಿಯಲ್ಲಿ ಒಂದು ಜಾತಿಯ ಶಿಲೀಂಧ್ರವು ಬೆಳೆದು, ಗುಳಿಯು ಒಡೆದು, ಪುಪ್ಪುಸದ ಸುತ್ತಲಿನ ಪೊರೆಯೊಳಗೆ ಕೀವು ತುಂಬಿಕೊಂಡಿತ್ತು. ಅವರ ಅಣ್ಣನವರು ನಮ್ಮನ್ನು ಹೊರಗೆ ಕರೆದು, ಇಷ್ಟು ಕೀವು ಇರುವಾಗ ಡಾಕ್ಟರರು ಎದೆಯನ್ನು ತೆರೆದು ಒಂದೇ ಸಾರಿ ತೊಳೆದುಬಿಡಬಾರದೇ, ಸೀಸೆಯನ್ನು ನೋಡುತ್ತಾ ವಾರಗಟ್ಟಲೆ ಕೂತಿರುವದೇತಕ್ಕೆ ಎಂದು ಬಹಳ ಬೇಸರದಿಂದ ಕೇಳಿದರು.

ಪ್ರಿಯ ವಾಚಕರೇ, ಈ ಪ್ರಶ್ನೆಗೆ ಉತ್ತರವು ಒಬ್ಬ ಮನುಷ್ಯನ ಚರಿತ್ರೆಯಲ್ಲಿ ಅಡಗಿದೆ. ಆತನ ಹೆಸರು ಅಮೇರಿಕದ ವೈದ್ಯರಿಗೆಲ್ಲಾ ತಿಳಿದದ್ದಾದರೂ ನಮ್ಮ ಹಳ್ಳಿಗಳಲ್ಲಿ ಅದನ್ನು ಕೇಳಿದವರು ಅಪರೂಪ. ಆದಕಾರಣ ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇವೆ.

ಇವಾರ್ಟ್ಸ್ ಆಂಬ್ರೋಸ್ ಗ್ರಹಾಮರು ೧೮೮೩ನೆಯ ಇಸವಿಯ ಮಾರ್ಚ್ ೧೯ರಂದು ಶಿಕಾಗೋ ಪಟ್ಟಣದಲ್ಲಿ ಹುಟ್ಟಿದರು. ತಂದೆಯಾದ ಡೇವಿಡ್ ಗ್ರಹಾಮರು ಅದೇ ಪಟ್ಟಣದ ಪ್ರೆಸ್ಬಿಟೇರಿಯನ್ ಸಭೆಯವರ ದವಾಖಾನೆಯಲ್ಲಿ ಶಸ್ತ್ರವೈದ್ಯರಾಗಿದ್ದರು. ಮಗನು ತಂದೆಯ ಕೈಕೆಲಸವನ್ನು ಚಿಕ್ಕಂದಿನಿಂದಲೇ ನೋಡಿ ಬೆಳೆದನು. ಪ್ರಿನ್ಸ್‌ಟನ್ನಿನ ವಿದ್ಯಾಪೀಠದಲ್ಲಿ ೧೯೦೪ರಲ್ಲಿ ಪದವಿ ಪಡೆದು, ಶಿಕಾಗೋವಿನ ರಷ್ ವೈದ್ಯಶಾಲೆಯಲ್ಲಿ ೧೯೦೭ರಲ್ಲಿ ವೈದ್ಯರಾದರು. ಇಷ್ಟಾದ ಮೇಲೆ ಸಾಧಾರಣವಾಗಿ ಯೌವನಸ್ಥರು ಹಣ ಗಳಿಸುವದಕ್ಕೆ ತೊಡಗುತ್ತಾರೆ. ಗ್ರಹಾಮರಾದರೋ ಕತ್ತಿಯನ್ನು ಹಿಡಿಯುವವನಿಗೆ ದೇಹದೊಳಗಿನ ರಸಾಯನದ ಜ್ಞಾನವೂ ಬೇಕೆಂದು ತಿಳಿದು, ಪುನಃ ವಿದ್ಯಾರ್ಥಿಯಾಗಿ ರಸಾಯನಶಾಸ್ತ್ರವನ್ನು ಅಭ್ಯಾಸಮಾಡಿದರು. ಅಲ್ಲಿಯೇ ಅದೇ ಶಾಸ್ತ್ರದಲ್ಲಿ ಪಂಡಿತೆಯಾಗಿದ್ದ ಹೆಲೆನ್ ಟ್ರೆಡ್ವೇ ಎಂಬವರ ಪರಿಚಯವಾಯಿತು; ೧೯೧೬ರಲ್ಲಿ ಅವರಿಬ್ಬರ ವಿವಾಹವಾಯಿತು. ಈ ಹೆಲೆನ್ ಅಮ್ಮನವರು ತಮ್ಮ ಗಂಡನ ನೆರಳಾಗಿ ಇದ್ದುಬಿಡದೆ ಮುಂದೆ ಔಷಧಶಾಸ್ತ್ರದಲ್ಲಿ ತಾವೇ ಪ್ರೊಫೆಸರರಾದರೆಂಬದನ್ನೂ ಇಲ್ಲಿಯೇ ಹೇಳಿಡುವದು ಒಳ್ಳೇದು.

ಅದೇ ಕಾಲದಲ್ಲಿ ಗ್ರಹಾಮರು ಅಯೋವ ಸಂಸ್ಥಾನದ ಮೇಸನ್ ಸಿಟಿ ಎಂಬ ಚಿಕ್ಕ ಊರಿನಲ್ಲಿ ವೈದ್ಯವೃತ್ತಿಯನ್ನು ನಡಿಸುತ್ತಿದ್ದರು. ಅಲ್ಲಿ ಒಂದು ಕೆಟ್ಟ ಪದ್ಧತಿಯಿತ್ತು. ಅದೇನಂದರೆ, ಒಬ್ಬ ವೈದ್ಯನು ರೋಗಿಯನ್ನು ಶಸ್ತ್ರವೈದ್ಯನ ಬಳಿಗೆ ಕಳುಹಿಸಿದರೆ, ಶಸ್ತ್ರವೈದ್ಯನು ರೋಗಿಯಿಂದ ತೆಗೆದುಕೊಂಡ ಹಣದಲ್ಲಿ ಒಂದು ಪಾಲನ್ನು ಗುಟ್ಟಾಗಿ ಕಳುಹಿಸಿದವನಿಗೆ ಕೊಡುವದು. ಹೆಚ್ಚು ಪಾಲು ಕೊಡುವವನ ಬಳಿಗೆ ಹೆಚ್ಚು ರೋಗಿಗಳು, ಕೈಗುಣವನ್ನು ಕೇಳುವವರಿಲ್ಲ. ಗ್ರಹಾಮರು ಇದಕ್ಕೆ ಒಪ್ಪದೆ ಬಹಿರಂಗವಾಗಿ ಎದುರುನಿಂತದರಿಂದ ಜತೆಯ ವೈದ್ಯರ ಹಗೆಯನ್ನು ಕಟ್ಟಿಕೊಂಡರು. (ಈ ರೂಢಿಯು ಅಯೋವದಲ್ಲಿ ಮಾತ್ರ ಇತ್ತೆಂದು ನಮ್ಮ ವಾಚಕರಲ್ಲಿ ಯಾರೂ ತಿಳಿಯಲಾರರು.) ಮುಂದೆ ತಾವು ದೊಡ್ಡವರಾದಾಗ ಅವರು ಅದನ್ನು ಮರೆಯಲಿಲ್ಲ. ೧೯೩೭ರಲ್ಲಿ, ಶಸ್ತ್ರವೈದ್ಯನೆನಿಸಿಕೊಳ್ಳುವವನು ತಕ್ಕ ತರಬೇತಿಯನ್ನು ಪಡೆದು ಪರೀಕ್ಷೆಗೆ ಒಳಗಾಗಬೇಕೆಂದು ಗೊತ್ತುಮಾಡಿದ ಅಮೇರಿಕದ ಮಂಡಲಿಯು ಸ್ಥಾಪಿತವಾದಾಗ ಅದರ ಮೊದಲನೆಯ ಅಧ್ಯಕ್ಷರು ಇವರೇ.

ಅಷ್ಟರಲ್ಲಿ ಮೊದಲನೆಯ ಮಹಾಯುದ್ಧವು ಅಮೇರಿಕವನ್ನೂ ಎಳೆದುಕೊಂಡಿತು. ಹಳ್ಳಿಗಳಿಂದ ಬಂದ ಲಕ್ಷಾಂತರ ಯುವಕರನ್ನು ೧೯೧೭-೧೮ರ ಚಳಿಗಾಲದಲ್ಲಿ ದಂಡಿನ ಪಾಳೆಯಗಳಲ್ಲಿ ಒತ್ತೊತ್ತಾಗಿ ಇಡಲಾಗಿತ್ತು. ಮೊದಲು ದಡಾರವು ಹಬ್ಬಿತು. ಅದರ ಬೆನ್ನಲ್ಲೇ ಪುಪ್ಪುಸದ ಉರಿಯೂತವು ಬಂತು. ಅದರ ಬೆನ್ನಲ್ಲೇ ಎದೆಯೊಳಗೆ ಕೀವು. ಶತ್ರುವಿನ ಮುಖವನ್ನೇ ನೋಡದೆ ಹುಡುಗರು ತಮ್ಮ ಸ್ವದೇಶದಲ್ಲಿಯೇ ಸಾಯುತ್ತಿದ್ದರು. ಕೀವು ಕಟ್ಟಿದವರಲ್ಲಿ ಸರಾಸರಿ ನೂರಕ್ಕೆ ಸುಮಾರು ೩೦ ಜನರು ತೀರಿಹೋದರು. ಕೆಲವು ಪಾಳೆಯಗಳಲ್ಲಿ ಅದಕ್ಕಿಂತಲೂ ಬಹಳ ಹೆಚ್ಚು. ಆಗ ಸರಕಾರದವರು ಇದನ್ನು ವಿಚಾರಿಸುವದಕ್ಕೆ ಒಂದು ಸಮಿತಿಯನ್ನು ನೇಮಿಸಿ ವರ್ಜೀನಿಯದ ಕ್ಯಾಂಪ್ ಲೀ ಎಂಬ ಪಾಳೆಯಕ್ಕೆ ಕಳುಹಿಸಿದರು. ಗ್ರಹಾಮರು ಅದರಲ್ಲಿ ಒಬ್ಬರು. ಅವರಿಗೆ ಆಗ ೩೫ ವರುಷ.

ಸಮಿತಿಯವರು ಅಲ್ಲಿ ನಡೆಯುತ್ತಿದ್ದ ಚಿಕಿತ್ಸೆಯನ್ನು ನೋಡಿದರು. ಕೀವು ಇದ್ದಲ್ಲಿ ಕೊಯ್ದು ಹೊರಗೆ ಬಿಡಬೇಕೆಂಬದು ಗ್ರೀಕ್ ದೇಶದ ಹಿಪ್ಪೋಕ್ರಾಟನ ಕಾಲದಿಂದ ನಡೆದುಬಂದ ಮಾತು. ಆದದರಿಂದ ಎದೆಯಲ್ಲಿ ನೀರೋ ಕೀವೋ ಕಂಡ ಕೂಡಲೇ ವೈದ್ಯರು ಒಂದು ಪಕ್ಕೆಲುಬಿನ ತುಂಡನ್ನು ಕತ್ತರಿಸಿ ಎದೆಯನ್ನು ತೆರೆಯುತ್ತಿದ್ದರು. ರೋಗಿಯು ಸತ್ತರೆ ರೋಗವು ಘೋರವಾದದ್ದೆಂದು ತಿಳಿಯುವರು. ತಮ್ಮ ಕೈಯೇ ಅವನನ್ನು ಕೊಂದಿರಬಹುದೆಂದು ಯಾರಿಗೂ ತೋಚಲಿಲ್ಲ.

ಗ್ರಹಾಮರೂ ಅವರ ಜತೆಗಾರರಾದ ರಿಚರ್ಡ್ ಬೆಲ್ಲರೂ ನಾಯಿಗಳ ಮೇಲೆಯೂ ಶವಗಳ ಮೇಲೆಯೂ ಪರೀಕ್ಷೆಗಳನ್ನು ಮಾಡಿ ನಿಜಾಂಶವನ್ನು ಕಂಡುಹಿಡಿದರು. ಅದನ್ನು ಸುಲಭವಾಗಿ ಹೀಗೆ ತಿಳಿಯಬಹುದು. ನಮ್ಮ ಎದೆಯ ಗೂಡು ಕಮ್ಮಾರನ ತಿದಿಯ ಹಾಗೆ ಇದೆ. ಅದು ಹಿಗ್ಗಿದಾಗ ಗಾಳಿಯು ಮೂಗಿನ ದಾರಿಯಿಂದ ಪುಪ್ಪುಸದೊಳಗೆ ಬರುವದು. ತಿದಿಯ ಚರ್ಮದಲ್ಲಿ ತೂತು ಬಿದ್ದರೆ ಗಾಳಿಯು ಆ ತೂತಿನಿಂದ ನುಗ್ಗುವದೇ ಹೊರತು ಮೂತಿಯಿಂದ ಬರುವದಿಲ್ಲ. ಎದೆಯ ಒಂದು ಪಕ್ಕವನ್ನು ತೆರೆದರೆ ಆ ಪಕ್ಕದ ಪುಪ್ಪುಸವು ಮಾತ್ರ ಮುದುಡುವದು, ಇನ್ನೊಂದು ಪಕ್ಕವು ಸುರಕ್ಷಿತವಾಗಿರುವದು ಎಂದು ಆವರೆಗೆ ಪಂಡಿತರು ನಂಬಿದ್ದರು. ಅದು ತಪ್ಪೆಂದು ಗ್ರಹಾಮರು ತೋರಿಸಿದರು. ಯಾಕಂದರೆ ಎರಡು ಪುಪ್ಪುಸಗಳ ನಡುವಿನ ಗೋಡೆಯು ಕಲ್ಲಿನ ಗೋಡೆಯಲ್ಲ. ಅದು ಬಟ್ಟೆಯ ತೆರೆಯಂತೆ ಅತ್ತಿತ್ತ ಸರಿಯತಕ್ಕದ್ದು. ಒಂದು ಕಡೆಯಲ್ಲಿ ಗಾಳಿ ಹೊಕ್ಕರೆ ಎರಡೂ ಕಡೆಯ ಪುಪ್ಪುಸಗಳು ಕುಗ್ಗುತ್ತವೆ. ಮೊದಲೇ ಉರಿಯೂತದಿಂದ ಅರ್ಧ ಶ್ವಾಸದಲ್ಲಿ ಇರುವ ರೋಗಿಗೆ ಇದು ಮರಣವೇ ಸರಿ. ಆದರೆ ಕೆಲವು ದಿನ ಕಾದರೆ ನೀರಿನಂತಿದ್ದ ಕೀವು ಗಟ್ಟಿಯಾಗುವದು, ಪೊರೆಗಳು ಒಂದಕ್ಕೊಂದು ಅಂಟಿಕೊಳ್ಳುವವು, ನಡುವಿನ ತೆರೆಯು ಬಿಗಿಯಾಗುವದು. ಆಗ ತೆರೆದರೆ ಅಪಾಯವಿಲ್ಲ.

ಹೀಗಿರಲಾಗಿ ಸಮಿತಿಯವರು ಹೊಸ ಕ್ರಮವನ್ನು ಗೊತ್ತುಮಾಡಿದರು. ಉರಿಯೂತವು ಉಗ್ರವಾಗಿರುವಾಗ ಎದೆಯನ್ನು ತೆರೆಯಲೇಬಾರದು. ಗಾಳಿ ಹೋಗದ ಹಾಗೆ ಸೂಜಿಯಿಂದಾಗಲಿ ಮುಚ್ಚಿದ ಕೊಳವೆಯಿಂದಾಗಲಿ ಕೀವನ್ನು ಎಳೆಯಬೇಕು. ಆಮೇಲೆ ಕೀವಿನ ಗುಳಿಯನ್ನು ಬೇಗ ಶುದ್ಧಮಾಡಿ ಅದು ಮುಚ್ಚಿಹೋಗುವಂತೆ ಮಾಡಬೇಕು. ಇದಲ್ಲದೆ ರೋಗಿಗೆ ಪುಷ್ಟಿಯುಳ್ಳ ಆಹಾರವನ್ನು ಧಾರಾಳವಾಗಿ ಕೊಡಬೇಕು, ಯಾಕಂದರೆ ಕೀವಿನೊಡನೆ ದೇಹದ ಮಾಂಸವೇ ಕರಗಿಹೋಗುತ್ತದೆ. ಇದನ್ನು ಅನುಸರಿಸಿದಲ್ಲಿ ಮರಣಗಳು ನೂರಕ್ಕೆ ೩೦ರಿಂದ ೫ರ ಆಸುಪಾಸಿಗೆ ಇಳಿದವು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ನೀರಿನೊಳಗೆ ಕೊಳವೆಯನ್ನು ಮುಳುಗಿಸುವ ಉಪಾಯವೂ ಅವರದಲ್ಲ, ಹ್ಯಾಂಬರ್ಗಿನ ಬ್ಯೂಲೌ ಎಂಬ ವೈದ್ಯನು ಅದನ್ನು ೧೮೯೧ರಲ್ಲಿಯೇ ಬರೆದು ಪ್ರಕಟಿಸಿದ್ದನು. ಗ್ರಹಾಮರು ಕೂಡಿಸಿದ್ದು, ಯಾವಾಗ ಕತ್ತಿಯನ್ನು ತೆಗೆಯಬಾರದೆಂಬ ತಿಳುವಳಿಕೆಯನ್ನೇ.

ಕಮರಿಪೇಟೆಯ ಅಣ್ಣನವರಿಗೆ ನಾವು ಇದನ್ನೇ ದವಾಖಾನೆಯ ಮೆಟ್ಟಿಲುಗಳ ಮೇಲೆ ಕೂತು ಹೇಳಿದೆವು. ಅವರು ಪೂರಾ ಒಪ್ಪಿದರೆಂದು ಹೇಳಲಾರೆವು. ಆದರೆ ತಮ್ಮನಿಗೆ ದಿನಾಲು ಎರಡು ಮೊಟ್ಟೆಗಳನ್ನೂ ಹಾಲನ್ನೂ ತರುವದಕ್ಕೆ ಆರಂಭಿಸಿದರು.

ಶಿಲೀಂಧ್ರದ ಕೀವಿನಲ್ಲಿ ಕಷ್ಟವು ಇನ್ನೂ ಹೆಚ್ಚು. ಇದು ಅಪರೂಪವಾದ ರೋಗ. ಗಾಳಿಯಲ್ಲಿಯೂ ಧಾನ್ಯದ ಧೂಳಿನಲ್ಲಿಯೂ ಇರುವ ಬೂಷ್ಟಿನ ಬೀಜಗಳನ್ನು ನಾವೆಲ್ಲರೂ ದಿನಾಲು ಉಸಿರಿನೊಡನೆ ಒಳಗೆ ತೆಗೆದುಕೊಳ್ಳುತ್ತೇವೆ, ಆದರೆ ಆರೋಗ್ಯವಂತನಿಗೆ ಅವುಗಳಿಂದ ಏನೂ ಆಗುವದಿಲ್ಲ. ಕ್ಷಯವು ಮಾಡಿದ ಗುಳಿಯುಳ್ಳವರು, ಎದೆಯ ಶಸ್ತ್ರಕ್ರಿಯೆಯಾದ ಮೇಲೆ ಶ್ವಾಸನಾಳದಲ್ಲಿ ಸೋರಿಕೆ ಉಂಟಾದವರು, ಮಧುಮೇಹದಿಂದಲೂ ಬೇರೆ ಔಷಧಗಳಿಂದಲೂ ದೇಹದ ತಡೆಯುವ ಶಕ್ತಿಯು ಕುಂದಿದವರು, ಇಂಥವರಲ್ಲಿ ಅದು ಬೇರೂರುವದು. ೨೦೨೧ರಲ್ಲಿ ಕೋವಿಡ್ ಜ್ವರದ ಬೆನ್ನಲ್ಲೇ ಕಪ್ಪು ಶಿಲೀಂಧ್ರದ ರೋಗವು ಬಂದು ನಮ್ಮ ಹುಬ್ಬಳ್ಳಿಯ ದವಾಖಾನೆಗಳಲ್ಲಿಯೂ ಎಷ್ಟೋ ಜನರು ನರಳಿದ್ದನ್ನು ವಾಚಕರು ಮರೆತಿರಲಾರರು. ಅದು ಬೇರೆ ಜಾತಿಯದು, ಹೆಚ್ಚಾಗಿ ಮೂಗು ಕಣ್ಣುಗಳನ್ನು ಹಿಡಿಯಿತು, ಆದರೂ ಬಲಹೀನನನ್ನು ಹುಡುಕಿ ಹೋಗುವ ಸ್ವಭಾವವು ಎರಡಕ್ಕೂ ಒಂದೇ.

ಸಾಧಾರಣ ಕೀವಿಗೆ ಕೆಲಸಮಾಡುವ ಪೆನಿಸಿಲಿನ್ ಮೊದಲಾದ ಔಷಧಗಳು ಶಿಲೀಂಧ್ರವನ್ನು ಮುಟ್ಟುವದಿಲ್ಲ. ಗ್ರಹಾಮರ ಉದ್ಯೋಗದ ಬಹುಕಾಲದಲ್ಲಿ ಅದಕ್ಕೆ ತಕ್ಕ ಔಷಧವೇ ಇರಲಿಲ್ಲ. ೧೯೫೦ರಲ್ಲಿ ಎಲಿಜಬೆತ್ ಹೇಜನ್, ರೇಚಲ್ ಬ್ರೌನ್ ಎಂಬ ಇಬ್ಬರು ಸ್ತ್ರೀಯರು ನಿಸ್ಟಾಟಿನ್ ಎಂಬದನ್ನು ಪ್ರಕಟಪಡಿಸಿದರು. ಅದೇ ದಶಕದಲ್ಲಿ ದಕ್ಷಿಣ ಅಮೇರಿಕದ ವೆನೆಜುವೇಲಾ ದೇಶದ ಮಣ್ಣಿನಲ್ಲಿನ ಸೂಕ್ಷ್ಮಜೀವಿಯಿಂದ ಆಂಫೋಟೆರಿಸಿನ್ ದೊರಕಿತು. ಅದು ರೋಗವನ್ನು ಕೊಲ್ಲುವದು, ಆದರೆ ಮೂತ್ರಪಿಂಡಗಳಿಗೂ ಪೆಟ್ಟು ಕೊಡುವದರಿಂದ ಎಚ್ಚರಿಕೆಯಿಂದ ಕೊಡತಕ್ಕದ್ದು. ಈಗ ವೊರಿಕೊನಜೋಲ್ ಮೊದಲಾದ ಬೇರೆ ಔಷಧಗಳೂ ಇವೆ. ಆದರೂ ಔಷಧವು ರಕ್ತದ ಮೂಲಕ ಹೋಗುವದು. ದಪ್ಪವಾದ ಕೀವಿನ ತೊಗಟೆಯೊಳಗೆ ರಕ್ತವು ಹರಿಯುವದಿಲ್ಲ. ಆದದರಿಂದ ಕೊಳವೆಯೂ ಕತ್ತಿಯೂ ಬೇಕಾಗುತ್ತವೆ. ಮೊದಲು ಕೊಳವೆಯಿಂದ ಕೀವನ್ನು ತೆಗೆದು, ಔಷಧ ಕೊಟ್ಟು, ರೋಗಿಗೆ ಮೈಯಲ್ಲಿ ಬಲ ಬರಿಸುತ್ತಾರೆ. ಆಮೇಲೆ, ಅವನು ತಾಳಬಲ್ಲನಾದರೆ, ಪುಪ್ಪುಸವನ್ನು ಬಿಗಿದಿರುವ ತೊಗಟೆಯನ್ನು ಸುಲಿದು ತೆಗೆಯುತ್ತಾರೆ. ಗಾಳಿ ಸೋರುವ ತೂತಿದ್ದರೆ ಬೆನ್ನಿನ ಇಲ್ಲವೆ ಎದೆಯ ಮಾಂಸಖಂಡವನ್ನು ತಿರುಗಿಸಿ ತಂದು ಮುಚ್ಚುತ್ತಾರೆ. ಪುಪ್ಪುಸವು ಹಿಗ್ಗದೆ ಟೊಳ್ಳು ಉಳಿದರೆ ಪಕ್ಕೆಲುಬುಗಳನ್ನು ತೆಗೆದು ಎದೆಯ ಗೋಡೆಯನ್ನೇ ಒಳಕ್ಕೆ ಕೂಡಿಸುತ್ತಾರೆ. ಅಷ್ಟನ್ನು ತಾಳಲಾರದವನಿಗೆ ಎದೆಯ ಪಕ್ಕದಲ್ಲಿ ಒಂದು ಕಿಟಕಿಯನ್ನು ಮಾಡಿ, ಚರ್ಮವನ್ನು ಅಂಚಿಗೆ ಹೊಲಿದು, ದಿನಾಲು ಬಟ್ಟೆಯಿಂದ ಕಟ್ಟುತ್ತಾ ಶುದ್ಧಮಾಡುತ್ತಾರೆ. ಇಂಥ ಕಿಟಕಿಯನ್ನು ಕ್ಷಯದ ಕೀವಿಗಾಗಿ ೧೯೩೫ರಲ್ಲಿ ವರ್ಣಿಸಿದವನು ಸಾನ್ ಫ್ರಾನ್ಸಿಸ್ಕೋವಿನ ಲಿಯೋ ಎಲೋಸರ್. ನಮ್ಮ ಹೊಲಿಗೆಯ ಸ್ನೇಹಿತರಿಗೆ ಕಡೆಗೆ ಇದನ್ನೇ ಮಾಡಿದರು. ಅವರು ಈಗ ಮನೆಯಲ್ಲಿದ್ದಾರೆ. ಮುಂಜಾನೆ ಹೆಂಡತಿಯು ಪಟ್ಟಿ ಕಟ್ಟಿದ ಮೇಲೆ ಮಶೀನಿನ ಮುಂದೆ ಕೂಡ್ರುತ್ತಾರೆ.

ಗ್ರಹಾಮರ ಕಡೆಗೆ ತಿರುಗೋಣ. ಯುದ್ಧವು ಮುಗಿದ ಮೇಲೆ ೧೯೧೯ರಲ್ಲಿ ಸೇಂಟ್ ಲೂಯಿಸ್ ಪಟ್ಟಣದ ವಾಷಿಂಗ್ಟನ್ ವಿದ್ಯಾಪೀಠದವರು ಅವರನ್ನು ಶಸ್ತ್ರವೈದ್ಯದ ಪ್ರೊಫೆಸರರಾಗಿ ಕರೆದರು. ೧೯೫೧ರಲ್ಲಿ ನಿವೃತ್ತರಾಗುವ ವರೆಗೆ ಅವರು ಆ ಸ್ಥಾನವನ್ನು ಬಿಡಲಿಲ್ಲ. ಅಲ್ಲಿ ಅವರು ಮಾಡಿದ ಅನೇಕ ಕೆಲಸಗಳಲ್ಲಿ ಒಂದನ್ನು ಹೇಳುತ್ತೇವೆ. ಪಿತ್ತಕೋಶದಲ್ಲಿನ ಹರಳುಗಳು ಎಕ್ಸ್-ರೇ ಚಿತ್ರದಲ್ಲಿ ಸಾಧಾರಣವಾಗಿ ಕಾಣುತ್ತಿರಲಿಲ್ಲ. ಪಿತ್ತದಲ್ಲಿ ಸೇರತಕ್ಕ ಒಂದು ಬಣ್ಣವನ್ನು ರಕ್ತದೊಳಗೆ ಬಿಟ್ಟರೆ ಕೋಶವು ಕಾಣಬಹುದೆಂದು ಗ್ರಹಾಮರೂ ಅವರ ಶಿಷ್ಯರಾದ ವಾರನ್ ಕೋಲರೂ ನಾಯಿಗಳ ಮೇಲೆ ತಿಂಗಳುಗಟ್ಟಲೆ ಪ್ರಯತ್ನಿಸಿ ಸೋತಿದ್ದರು. ಒಂದು ದಿನ ಒಂದೇ ಒಂದು ನಾಯಿಯಲ್ಲಿ ಕೋಶವು ಸ್ಪಷ್ಟವಾಗಿ ಕಂಡಿತು. ವಿಚಾರಿಸಿದಾಗ, ನಾಯಿಗಳನ್ನು ನೋಡಿಕೊಳ್ಳುವ ಆಳು ಆ ಮುಂಜಾನೆ ಅದಕ್ಕೆ ಅನ್ನ ಹಾಕಿರಲಿಲ್ಲವೆಂದು ಗೊತ್ತಾಯಿತು. ಉಂಡಾಗ ಪಿತ್ತಕೋಶವು ಬರಿದಾಗುವದು, ಹಸಿದಾಗ ತುಂಬಿರುವದು! ೧೯೨೪ರಲ್ಲಿ ಅವರು ಈ ಪರೀಕ್ಷೆಯನ್ನು ಪ್ರಕಟಿಸಿದರು. ಅನೇಕ ದಶಕಗಳ ಕಾಲ ಲೋಕದ ದವಾಖಾನೆಗಳೆಲ್ಲಾ ಇದನ್ನು ಅನುಸರಿಸಿದವು.

ಆದರೆ ಅವರ ಮನಸ್ಸು ಎದೆಯ ರೋಗಗಳನ್ನು ಬಿಡಲಿಲ್ಲ. ೧೯೩೩ರಲ್ಲಿ ಪಿಟ್ಸ್‌ಬರ್ಗಿನ ಜೇಮ್ಸ್ ಗಿಲ್ಮೋರ್ ಎಂಬ ೪೮ ವರುಷದ ವೈದ್ಯರು ಎಡಗಡೆಯ ಪುಪ್ಪುಸದಲ್ಲಿ ಕ್ಯಾನ್ಸರ್ ಆಗಿ ಇವರ ಬಳಿಗೆ ಬಂದರು. ಆವರೆಗೆ ಈ ರೋಗಕ್ಕಾಗಿ ಒಂದು ಪುಪ್ಪುಸವನ್ನು ಪೂರ್ಣವಾಗಿ ಒಂದೇ ಸಾರಿಗೆ ತೆಗೆಯಿಸಿಕೊಂಡು ಯಾರೂ ಬದುಕಿರಲಿಲ್ಲ. ಬರ್ಲಿನಿನಲ್ಲಿ ನಿಸ್ಸೆನ್ ಎಂಬವನು ೧೯೩೧ರಲ್ಲಿ ಬೇರೆ ರೋಗಕ್ಕಾಗಿ ಒಂದು ಮಗುವಿನ ಪುಪ್ಪುಸವನ್ನು ಎರಡು ಹಂತಗಳಲ್ಲಿ ತೆಗೆದಿದ್ದನು, ಅಷ್ಟೇ. ಗಿಲ್ಮೋರರು ಶಸ್ತ್ರಕ್ರಿಯೆಗೆ ಮುಂಚೆ ತಮ್ಮ ಊರಿಗೆ ಹೋಗಿ, ಸಮಾಧಿಗಾಗಿ ಸ್ಥಳವನ್ನು ಕೊಂಡು, ಅದರ ಜತೆಗೆ ಹಲ್ಲುಗಳನ್ನೂ ಸರಿಮಾಡಿಸಿಕೊಂಡು ಬಂದರೆಂದು ಹೇಳುತ್ತಾರೆ. ಆಶೆಯನ್ನೂ ಭಯವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಬಂದ ಈ ಮನುಷ್ಯನು ನಮಗೆ ಬಹಳ ಹತ್ತಿರದವನಾಗಿ ತೋರುತ್ತಾನೆ.

ಏಪ್ರಿಲ್ ೫ರಂದು ಗ್ರಹಾಮರು ಎದೆಯನ್ನು ತೆರೆದರು. ಪುಪ್ಪುಸದ ಒಂದು ಭಾಗವನ್ನು ಮಾತ್ರ ತೆಗೆಯಬೇಕೆಂದು ಎಣಿಸಿದ್ದರು. ರೋಗವು ಅಷ್ಟರಲ್ಲಿ ನಿಂತಿರಲಿಲ್ಲ. ಮುಚ್ಚಿಬಿಡಬೇಕೋ ಮುಂದೆ ಹೋಗಬೇಕೋ? ರೋಗಿಯ ಸ್ನೇಹಿತರಾದ ಒಬ್ಬ ವೈದ್ಯರು ಅಲ್ಲಿಯೇ ನಿಂತಿದ್ದರು. ಗ್ರಹಾಮರು ಅವರನ್ನು ಕೇಳಿ ಒಪ್ಪಿಗೆಯನ್ನು ಪಡೆದರು. ಆ ಪುಪ್ಪುಸಕ್ಕೆ ಹೋಗುವ ರಕ್ತನಾಳವನ್ನು ಮೊದಲು ಸ್ವಲ್ಪ ಹೊತ್ತು ಅದುಮಿ ಹಿಡಿದು, ಹೃದಯಕ್ಕೆ ಏನೂ ಆಗಲಿಲ್ಲವೆಂದು ಕಂಡ ಮೇಲೆ ಇಡೀ ಪುಪ್ಪುಸವನ್ನು ತೆಗೆದರು. ಉಳಿದ ಟೊಳ್ಳು ಕೀವಿನ ಮನೆಯಾಗುವದೆಂದು ೧೯೧೮ರ ಪಾಠದಿಂದ ಬಲ್ಲವರಾದದರಿಂದ ಆಗಲೇ ಏಳು ಪಕ್ಕೆಲುಬುಗಳನ್ನೂ ತೆಗೆದು ಎದೆಯ ಗೋಡೆಯನ್ನು ಒಳಕ್ಕೆ ಕೂಡಿಸಿದರು. ಅಷ್ಟು ಮಾಡಿದರೂ ಸ್ವಲ್ಪ ಕೀವು ಕಟ್ಟಿತು; ಅದಕ್ಕೂ ಚಿಕಿತ್ಸೆಯಾಯಿತು. ಗಿಲ್ಮೋರರು ಗುಣಹೊಂದಿ ಊರಿಗೆ ಹೋಗಿ ಮತ್ತೆ ವೈದ್ಯವೃತ್ತಿಯಲ್ಲಿ ತೊಡಗಿದರು.

ಗ್ರಹಾಮರು ಸೇಂಟ್ ಲೂಯಿಸಿಗೆ ಬಂದ ೧೯೧೯ರಲ್ಲಿ ಪುಪ್ಪುಸದ ಕ್ಯಾನ್ಸರ್ ಎಷ್ಟು ಅಪರೂಪವಾಗಿತ್ತೆಂದರೆ, ಅಂಥ ಒಂದು ಶವಪರೀಕ್ಷೆಗೆ ಅಲ್ಲಿಯ ಪ್ರೊಫೆಸರರೊಬ್ಬರು ವಿದ್ಯಾರ್ಥಿಗಳನ್ನೆಲ್ಲಾ ಕರೆದು, ಜೀವಮಾನದಲ್ಲಿ ಮತ್ತೊಂದನ್ನು ನೋಡಲಾರಿರೆಂದು ತಿಳಿಸಿದ್ದರಂತೆ. ಆ ವಿದ್ಯಾರ್ಥಿಗಳಲ್ಲಿ ಆಲ್ಟನ್ ಓಕ್ಸ್ನರ್ ಎಂಬವನು ಮುಂದೆ ಶಸ್ತ್ರವೈದ್ಯನಾಗಿ, ಈ ರೋಗವು ಹೆಚ್ಚುತ್ತಿರುವದನ್ನು ಕಂಡು, ಸಿಗರೇಟೇ ಇದಕ್ಕೆ ಕಾರಣವೆಂದು ಹೇಳತೊಡಗಿದನು. ಗ್ರಹಾಮರು ನಂಬಲಿಲ್ಲ. ಸಿಗರೇಟಿನ ಮಾರಾಟದ ಜತೆಗೆ ಸ್ತ್ರೀಯರ ಕಾಲುಚೀಲಗಳ ಮಾರಾಟವೂ ಹೆಚ್ಚಿದೆಯಲ್ಲಾ ಎಂದು ಹಾಸ್ಯಮಾಡಿದರು. ಅವರು ತಾವೇ ಬಹಳವಾಗಿ ಸಿಗರೇಟು ಸೇದುವವರಾಗಿದ್ದರು.

ಆಗ ಅರ್ನ್‌ಸ್ಟ್ ವೈಂಡರ್ ಎಂಬ ವೈದ್ಯವಿದ್ಯಾರ್ಥಿಯು ಅವರ ಬಳಿಗೆ ಬಂದು, ಈ ರೋಗದವರನ್ನೆಲ್ಲಾ ವಿಚಾರಿಸಿ ಲೆಕ್ಕ ಹಾಕುವದಕ್ಕೆ ಅಪ್ಪಣೆಯನ್ನು ಬೇಡಿದನು. ತಮ್ಮ ಅಭಿಪ್ರಾಯಕ್ಕೆ ವಿರೋಧವಾದ ಕೆಲಸವೆಂದು ಗ್ರಹಾಮರು ಅವನನ್ನು ಹಿಂದಕ್ಕೆ ಕಳುಹಿಸಬಹುದಾಗಿತ್ತು. ಕಳುಹಿಸಲಿಲ್ಲ; ತಮ್ಮ ರೋಗಿಗಳನ್ನೂ ತಮ್ಮ ಹೆಸರನ್ನೂ ಅವನಿಗೆ ಕೊಟ್ಟರು. ೧೯೫೦ರ ಮೇ ತಿಂಗಳಲ್ಲಿ ಇಬ್ಬರ ಹೆಸರಿನಲ್ಲಿ ೬೮೪ ರೋಗಿಗಳ ವರದಿಯು ಹೊರಬಿತ್ತು. ಈ ರೋಗವುಳ್ಳ ಗಂಡಸರಲ್ಲಿ ನೂರಕ್ಕೆ ೯೬.೫ ಜನರು ಬಹುಕಾಲದಿಂದ ಹೆಚ್ಚಾಗಿ ಸೇದುವವರು. ಬೇರೆ ರೋಗಗಳಿಂದ ದವಾಖಾನೆಯಲ್ಲಿದ್ದ ಗಂಡಸರಲ್ಲಿ ಅಂಥವರು ನೂರಕ್ಕೆ ೭೩.೭ ಮಾತ್ರ. ಅದೇ ವರುಷ ಇಂಗ್ಲೆಂಡಿನ ಡಾಲ್, ಹಿಲ್ ಎಂಬವರೂ ಇದನ್ನೇ ಕಂಡರು. ೧೯೫೩ರಲ್ಲಿ ಗ್ರಹಾಮರೂ ವೈಂಡರರೂ ಮತ್ತೊಬ್ಬ ಜತೆಗಾರ್ತಿಯೂ ಹೊಗೆಯ ಡಾಂಬರನ್ನು ಇಲಿಗಳ ಬೆನ್ನಿಗೆ ಹಚ್ಚಿ, ನೂರಕ್ಕೆ ೪೪ ಇಲಿಗಳಲ್ಲಿ ಕ್ಯಾನ್ಸರ್ ಉಂಟಾದದ್ದನ್ನು ತೋರಿಸಿದರು. ಬೀಡಿಗೂ ಇದೇ ಗತಿ. ನಿಪ್ಪಾಣಿಯ ಕಡೆಯ ತಂಬಾಕಿನಿಂದ ಎಷ್ಟೋ ಕುಟುಂಬಗಳು ಅನ್ನ ಕಂಡಿರುವದರಿಂದ ನಮ್ಮ ಸೀಮೆಯಲ್ಲಿ ಈ ಮಾತನ್ನು ಹೇಳುವದು ಸುಲಭವಲ್ಲ, ಆದರೂ ಹೇಳದೆ ಇರುವದು ಹೇಗೆ? ಕಮರಿಪೇಟೆಯ ನಮ್ಮ ಸ್ನೇಹಿತರೂ ಹನ್ನೆರಡನೆಯ ವಯಸ್ಸಿನಿಂದ ಬೀಡಿ ಸೇದಿದವರು. ಕ್ಷಯವೂ ಹೊಗೆಯೂ ಒಬ್ಬನ ಪುಪ್ಪುಸದಲ್ಲಿ ಜತೆಯಾದರೆ ಎರಡರ ಕೇಡೂ ಹೆಚ್ಚುವದು.

ಗ್ರಹಾಮರು ತಮ್ಮ ತಪ್ಪನ್ನು ಒಪ್ಪಿಕೊಂಡು ಸಿಗರೇಟನ್ನು ಬಿಟ್ಟರು. ಆದರೆ ಬಿಡುವದಕ್ಕೆ ತಡವಾಗಿತ್ತು. ೧೯೫೭ರ ಆರಂಭದಲ್ಲಿ ಜ್ವರದಂತೆ ಏನೋ ಆಗಿ ಎದೆಯ ಚಿತ್ರವನ್ನು ತೆಗೆಯಿಸಿದಾಗ ಅವರ ಎರಡೂ ಪುಪ್ಪುಸಗಳಲ್ಲಿ ಕ್ಯಾನ್ಸರ್ ಕಂಡುಬಂತು. ಒಂದನ್ನು ತೆಗೆಯಬಹುದಾಗಿತ್ತು, ಎರಡನ್ನೂ ತೆಗೆಯುವದು ಆಗ ಯಾರಿಂದಲೂ ಆಗುತ್ತಿರಲಿಲ್ಲ. ತಮ್ಮ ಹಳೇ ಸ್ನೇಹಿತನಾದ ಓಕ್ಸ್ನರನಿಗೆ ತಾವೇ ಪತ್ರ ಬರೆದು ಈ ಸಂಗತಿಯನ್ನು ತಿಳಿಸಿದರು. ಮಾರ್ಚ್ ೪ರಂದು, ಎಪ್ಪತ್ತನಾಲ್ಕು ತುಂಬುವದಕ್ಕೆ ಹದಿನೈದು ದಿನ ಇರುವಾಗ, ತಾವು ಬಹುಕಾಲ ಕೆಲಸಮಾಡಿದ ಬಾರ್ನ್ಸ್ ದವಾಖಾನೆಯಲ್ಲಿಯೇ ತೀರಿಹೋದರು. ನಮ್ಮ ಹುಬ್ಬಳ್ಳಿಯಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಆರಂಭವಾದದ್ದೂ ಅದೇ ವರುಷದಲ್ಲಿ.

ಒಂದೇ ಪುಪ್ಪುಸದಿಂದ ಉಸಿರಾಡುತ್ತಿದ್ದ ಗಿಲ್ಮೋರರು ಆಗ ಪಿಟ್ಸ್‌ಬರ್ಗಿನಲ್ಲಿ ಜೀವದಿಂದಿದ್ದರು. ತಮ್ಮನ್ನು ಬದುಕಿಸಿದ ವೈದ್ಯರಿಗಿಂತ ಆರು ವರುಷ ಹೆಚ್ಚಾಗಿ ಬದುಕಿ, ಕ್ಯಾನ್ಸರಲ್ಲದ ಬೇರೆ ರೋಗದಿಂದ ೧೯೬೩ರಲ್ಲಿ ಮೃತರಾದರು.